ಇಪ್ಪತ್ತಮೂರು ಕಾರಣಗಳು

ಗ್ರೀಸ್ ಹತ್ತಿದ ಕೈಯಲ್ಲಿ ಬಾಲ್‌ಪೆನ್ನು ಬರೆಯುವುದಿಲ್ಲ. ಹಾಳೆಯ ಮೇಲೆ ಜಿಡ್ಡು ಕೂತ ಕಡೆ ಮುಳ್ಳು ಜಾರುತ್ತದೆ. ಎರಡಕ್ಷರ ಮೂಡಿದರೆ ಮೂರನೆಯದು ಕಾಣೆಯಾಗುತ್ತದೆ. ಹಾಗಾಗಿ ವಾಹನ ದುರಸ್ತಿ ವಿಭಾಗದ ಮಕ್ಕಳು ಏನೇ ಬರೆಯಬೇಕಾದರೂ ತಗಡಿನ ಮೇಲೆ ಗುರುತು ಹಾಕುವ ದಪ್ಪ ಪೆನ್ಸಿಲ್ಲನ್ನೇ ಎತ್ತಿಕೊಳ್ಳುತ್ತಿದ್ದರು. ಈ ಸಣ್ಣ ಸಂಗತಿ ಇಲಾಖೆಗೆ ಗೊತ್ತಿರಲಿಲ್ಲ. ಇಲಾಖೆಗೆ ಗೊತ್ತಿಲ್ಲದ ಸಣ್ಣ ಸಂಗತಿಗಳಿಗೆಲ್ಲ ಯಾರೋ ಒಬ್ಬ ಬಡಪಾಯಿ ಬೆಲೆ ತೆರಬೇಕಾಗುತ್ತದೆ. ಈ ಸಲದ ಪಾಳಿ ಪಾನಾ ಮೇಷ್ಟ್ರದು.

ಮೇಷ್ಟ್ರ ಅಂಗಿಯ ಜೇಬಿನಲ್ಲಿ ಸದಾ ಒಂದು ಪಾನಾ ಇರುತ್ತಿತ್ತು. ಬೋಲ್ಟು ತಿರುಗಿಸುವುದಕ್ಕೆ, ಬೆನ್ನು ಕೆರೆದುಕೊಳ್ಳುವುದಕ್ಕೆ, ನಿದ್ದೆ ಮಾಡುವವನ ಡೆಸ್ಕು ಕುಟ್ಟುವುದಕ್ಕೆ ಅದೊಂದೇ. ಹಾಗೆ ಬಂದ ಹೆಸರು. ಹನ್ನೊಂದು ವರ್ಷದಿಂದ ಅವರು ಆ ಕಸುಬು ಕಲಿಸುವ ಶಾಲೆಯಲ್ಲಿ ತಾತ್ಕಾಲಿಕ. ಅಷ್ಟು ವರ್ಷ ತಾತ್ಕಾಲಿಕವಾಗಿ ಉಳಿದದ್ದು ಅಲ್ಲಿ ಎರಡೇ: ಒಂದು ಮೇಷ್ಟ್ರು, ಇನ್ನೊಂದು ವರ್ಕ್‌ಶಾಪಿನ ಸೋರುವ ಮಾಡಿಗೆ ಹೊದಿಸಿದ ಟಾರ್ಪಾಲು.

ಅಂದು ಬೆಳಿಗ್ಗೆ ಒಂಬತ್ತಕ್ಕೆ ಪ್ರಿನ್ಸಿಪಾಲರು ಕಂದು ಬಣ್ಣದ ಲಕೋಟೆ ಹಿಡಿದು ವರ್ಕ್‌ಶಾಪಿನ ಬಾಗಿಲಿಗೆ ಬಂದರು. ಒಳಗೆ ಕಾಲಿಡಲಿಲ್ಲ. ಅವರ ಬೂಟು ಬಿಳಿ.

"ಪಾನಾ, ಕೈ ಒರೆಸ್ಕೊಂಡು ಬನ್ನಿ. ಇದು ಗ್ರೀಸ್ ಮುಟ್ಟೋ ಕಾಗದ ಅಲ್ಲ."

ಮೇಷ್ಟ್ರು ಪ್ಯಾಂಟಿಗೆ ಕೈ ಒರೆಸಿಕೊಂಡು ಹೋದರು. ಪ್ರಿನ್ಸಿಪಾಲರು ಕನ್ನಡಕ ಏರಿಸಿ ಓದಿದರು: ವಿದ್ಯಾರ್ಥಿಗಳು ವಾಹನ ದುರಸ್ತಿ ವಿಭಾಗವನ್ನು ಆರಿಸಿಕೊಳ್ಳಲು ಪ್ರೇರಣೆಯಾದ ಅಂಶಗಳ ಸಮೀಕ್ಷೆ. ಇಪ್ಪತ್ತಮೂರು ವಿದ್ಯಾರ್ಥಿಗಳಿಗೆ ಇಪ್ಪತ್ತಮೂರು ನಮೂನೆ. ಮಧ್ಯಾಹ್ನ ಮೂರಕ್ಕೆ ಇಲಾಖೆಯ ಸಾಹೇಬರು ಖುದ್ದಾಗಿ ಬಂದು ನೋಡುತ್ತಾರೆ. ಅರ್ಧಕ್ಕಿಂತ ಕಡಿಮೆ ಮಂದಿ ಯೋಗ್ಯ ಕಾರಣ ಬರೆದಿದ್ದಲ್ಲಿ ವಿಭಾಗವನ್ನು ಇಂದಿನಿಂದಲೇ ಮುಚ್ಚತಕ್ಕದ್ದು.

"ಯೋಗ್ಯ ಕಾರಣ ಅಂದ್ರೆ ಯಾವುದು ಸಾರ್?"

"ಅದನ್ನ ಬರೆದಿಲ್ಲ. ಬರೆದಿದ್ರೆ ಎಲ್ಲರೂ ಅದನ್ನೇ ಬರೀತಿದ್ರಲ್ಲ. ಇಲಾಖೆ ಅಷ್ಟು ದಡ್ಡ ಅಲ್ಲ."

"ಮುಚ್ಚಿದ್ರೆ ನನ್ನ ಗತಿ?"

ಪ್ರಿನ್ಸಿಪಾಲರು ಮಾಡಿನ ಟಾರ್ಪಾಲನ್ನು ನೋಡಿದರು. "ನೀವು ತಾತ್ಕಾಲಿಕ ಅಲ್ವೇನ್ರೀ. ಇನ್ನೂ ಸರಿಯಾಗಿ ತೆರೆದೇ ಇಲ್ಲ, ಮುಚ್ಚೋದೇನ್ ಬಂತು?"

ಮನೆಯಲ್ಲಿ ಹೆಂಡತಿ, ಹಾಸಿಗೆ ಹಿಡಿದ ಅಪ್ಪ, ಐದನೇ ತರಗತಿಯ ಮಗಳು. ನಾಲ್ಕು ಬಾಯಿಗೂ ಇದೊಂದೇ ವಿಭಾಗ. ನಲವತ್ತೇಳು ವರ್ಷದ, ಮಂಡಿ ಸವೆದ, ಗಾಡಿಯ ಕೆಳಗೆ ಮಲಗಿದರೆ ಏಳಲು ಇಬ್ಬರ ಕೈ ಬೇಕಾದವನನ್ನು ಯಾವ ಗ್ಯಾರೇಜಿನವನೂ ಕರೆದು ಕೂರಿಸುವುದಿಲ್ಲ. ಇದೆಲ್ಲ ಮೇಷ್ಟ್ರಿಗೆ ಗೊತ್ತಿತ್ತು. ಆದರೂ ಅವರು ಅಷ್ಟೇನೂ ಕಂಗೆಡಲಿಲ್ಲ. ಕಾರಣ, ಕಳೆದ ವರ್ಷ ದಾಖಲಾತಿಗೆ ಮುಂಚೆ ಅವರು ಒಂದು ಗೇರ್‌ಬಾಕ್ಸನ್ನು ಅಡ್ಡಕ್ಕೆ ಕೊಯ್ದು, ಹಲ್ಲುಗಳಿಗೆ ಬಣ್ಣ ಬಳಿದು, ತಳ್ಳುಗಾಡಿಯಲ್ಲಿಟ್ಟುಕೊಂಡು ಒಂದೊಂದೇ ಪ್ರೌಢಶಾಲೆಯ ಗೇಟಿನ ಮುಂದೆ ನಿಂತು ಭಾಷಣ ಮಾಡಿದ್ದರು. ಕೆಂಪು ಚಕ್ರ ತಿರುಗಿದರೆ ಹಳದಿ ಚಕ್ರ ಯಾಕೆ ತಿರುಗಬೇಕು ಎಂದು ಕೂಗಿ ಕೇಳಿದ್ದರು. ಮಕ್ಕಳ ಕಣ್ಣು ಹೊಳೆದದ್ದನ್ನು ಕಂಡಿದ್ದರು. ಇಪ್ಪತ್ತಮೂರರಲ್ಲಿ ಕಡೇಪಕ್ಷ ಹದಿನೈದು ಮಂದಿಯಾದರೂ ಆ ಗೇರ್‌ಬಾಕ್ಸಿನ ಹೆಸರು ಹೇಳದೇ ಇರುತ್ತಾರೆಯೇ?

"ನಿಜ ಬರೀರಿ," ಎಂದರು ನಮೂನೆ ಹಂಚುತ್ತಾ. "ನನ್ನ ಮುಖ ನೋಡ್ಬೇಡಿ, ಪಕ್ಕದವನ ಹಾಳೆ ನೋಡ್ಬೇಡಿ. ಯಾಕೆ ಈ ವಿಭಾಗ ಸೇರಿದ್ರಿ? ಮನಸ್ಸಲ್ಲಿರೋದನ್ನ ಒಂದು ಸಾಲಲ್ಲಿ ಬರೀರಿ ಸಾಕು."

ಆ ಶಾಲೆಯಲ್ಲಿ ಇಂಥ ಮಾತನ್ನು ಯಾರೂ ಕೇಳಿರಲಿಲ್ಲ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡು ದಪ್ಪ ಪೆನ್ಸಿಲ್ ಎತ್ತಿಕೊಂಡರು. ಮೇಷ್ಟ್ರು ಹೊರಗೆ ಹೋಗಿ, ಹೆರಿಗೆ ಕೋಣೆಯ ಮುಂದಿನ ಗಂಡಸಿನ ಹಾಗೆ ಅತ್ತಿಂದಿತ್ತ ತಿರುಗಿದರು.

ಹತ್ತು ನಿಮಿಷಕ್ಕೆ ಹಾಳೆಗಳು ಕೈಗೆ ಬಂದವು. ಮೊದಲನೆಯದನ್ನು ಓದಿದರು.

‘ಸೇರುವ ದಿನ ಹೊಲಿಗೆ ವಿಭಾಗದ ಸಾಲು ಬಿಸಿಲಿನಲ್ಲಿತ್ತು. ಇದು ನೆರಳಿನಲ್ಲಿತ್ತು.’

ನಕ್ಕರು. ತುಂಟ ಯಾರೋ. ಎರಡನೆಯದು: ‘ನೆರಳು ಇತ್ತು.’ ಮೂರನೆಯದು: ‘ಈ ಕಡೆ ಮಾಡು ಮುಂದಕ್ಕೆ ಬಂದಿದೆ, ಅದರ ಕೆಳಗೆ ನಿಂತೆ, ಸಾಲು ಇದರದ್ದಾಗಿತ್ತು.’ ಒಂಬತ್ತು ಹಾಳೆ ನೆರಳಿನವೇ. ಮೇಷ್ಟ್ರ ನಗು ಬ್ಯಾಟರಿ ಮುಗಿದ ಹಾರ್ನಿನಂತೆ ಸಣ್ಣಗಾಗುತ್ತಾ ಹೋಯಿತು.

"ಏನ್ರೋ ಇದು? ಬದುಕು ಆರಿಸ್ಕೊಳ್ಳೋದು ನೆರಳು ನೋಡ್ಕೊಂಡಾ?"

ಎಲ್ಲರಿಗಿಂತ ಒಂದಡಿ ಎತ್ತರವಿದ್ದವನೊಬ್ಬ ಎದ್ದು ನಿಂತ. ಅವನನ್ನು ಉದ್ದಣ್ಣ ಎನ್ನುತ್ತಿದ್ದರು. "ಬೆಳಿಗ್ಗೆ ಆರಕ್ಕೇ ಬಂದು ನಿಂತಿದ್ವಿ ಸಾರ್. ಹಿಂದಿನ ದಿನ ಹೊಟ್ಟೆಗೆ ಏನೂ ಇರ್ಲಿಲ್ಲ. ಬಿಸಿಲಲ್ಲಿ ನಿಂತಿದ್ರೆ ಬಿದ್ದೋಗ್ತಿದ್ದೆ. ಬಿದ್ದೋದವರಿಗೆ ಯಾವ ವಿಭಾಗನೂ ಕೊಡಲ್ಲ."

"ಮತ್ತೆ ಗೇರ್‌ಬಾಕ್ಸು? ನಿಮ್ಮ ಶಾಲೆ ಮುಂದೆ ನಾನು ತಂದಿದ್ನಲ್ಲೋ, ಬಣ್ಣ ಹಚ್ಚಿ?"

"ನೋಡಿದ್ದೆ ಸಾರ್. ದಿನಾ ಇಷ್ಟು ಭಾರ ಎತ್ತಬೇಕಾಗತ್ತೇನೋ ಅಂತ ಹೆದರಿ ಹೊಲಿಗೆ ಸಾಲಿಗೇ ಹೋದೆ. ಅಲ್ಲಿ ಬಿಸಿಲು."

ಮೇಷ್ಟ್ರು ಸ್ಟೂಲಿನ ಮೇಲೆ ಕುಸಿದರು. ಮುಂದಿನ ಐದು ಹಾಳೆಗಳಲ್ಲಿ ನೀಲಿ ಮೇಲಂಗಿಯ ಮಾತಿತ್ತು. ಈ ವಿಭಾಗದವರಿಗೆ ಕೊರಳಿನಿಂದ ಪಾದದವರೆಗೆ ಒಂದೇ ನೀಲಿ ಮೇಲಂಗಿ ಕೊಡುತ್ತಾರೆ. ಒಳಗೆ ಹರಿದದ್ದು ಹಾಕಿದರೂ, ಹಾಕದೇ ಇದ್ದರೂ ಯಾರಿಗೂ ಕಾಣುವುದಿಲ್ಲ. ಇಬ್ಬರು ಸೋಪಿಗೆ ಬಂದಿದ್ದರು. ಗ್ರೀಸ್ ತೊಳೆಯಲು ವಾರಕ್ಕೊಂದು ಸೋಪು ಸಿಗುತ್ತದೆ. ಅವರಲ್ಲಿ ಒಬ್ಬ ಕೈ ತೊಳೆಯದೆ ಅದನ್ನು ಮನೆಗೆ ಒಯ್ಯುತ್ತಿದ್ದ, ತಂಗಿಯರ ಸ್ನಾನಕ್ಕೆ. ಅವನ ಉಗುರು ಯಾಕೆ ಯಾವಾಗಲೂ ಕಪ್ಪಗೆ ಇರುತ್ತದೆಂದು ಮೇಷ್ಟ್ರು ವರ್ಷಪೂರ್ತಿ ಬೈದಿದ್ದರು. ನಾಲ್ವರು ‘ಗೊತ್ತಿಲ್ಲ’ ಎಂದು ಬರೆದಿದ್ದರು, ಅದೂ ನಾಲ್ಕು ಬೇರೆ ಬೇರೆ ಕಾಗುಣಿತದಲ್ಲಿ.

ಇಡೀ ವಿಭಾಗಕ್ಕೆ ಒಬ್ಬಳೇ ಹುಡುಗಿ, ಗುಬ್ಬಿ. ಆಳು ಸಣ್ಣ, ಬಾಯಿ ದೊಡ್ಡದು. ಅವಳು ಬರೆದದ್ದು: ‘ಮಾವ ಮದುವೆ ಮಾಡಿಬಿಡುತ್ತಿದ್ದ. ಕೈಯೆಲ್ಲ ಕಪ್ಪಾದರೆ ಯಾರೂ ಒಪ್ಪುವುದಿಲ್ಲ ಎಂದು ಸೇರಿದೆ. ಇಲ್ಲಿಯವರೆಗೆ ಯಾರೂ ಒಪ್ಪಿಲ್ಲ.’

ಅದರ ಕೆಳಗಿನದು: ‘ಗ್ಯಾರೇಜಿನಲ್ಲಿ ಅಪ್ಪನ ಬಲಗೈ ಹೋಯಿತು. ಸಾಹುಕಾರರು ಬದಲಿಗೆ ಇನ್ನೊಂದು ಕೈ ಕಳಿಸು ಎಂದರು.’

ಕೊನೆಯದು ಮೌನಿಯದು. ಅವನು ಮಾತಾಡುವುದೇ ಅಪರೂಪ. ಅವನ ಅಕ್ಷರ ಮಾತ್ರ ಅಳತೆಪಟ್ಟಿ ಇಟ್ಟು ಬರೆದಂತೆ ನೆಟ್ಟಗೆ. ‘ಅಪ್ಪ ಕಾರಿನ ಕೆಳಗೆ ಇದ್ದಾಗ ಜಾಕ್ ಜಾರಿತು. ಜಾಕ್ ಎಲ್ಲಿ ಇಡಬೇಕು ಎಂದು ಕಲಿಯಲು ಬಂದೆ.’

ಮೇಷ್ಟ್ರು ಆ ಹಾಳೆಯನ್ನು ಎರಡು ಸಲ ಓದಿದರು. ಜೇಬಿನಿಂದ ಪಾನಾ ತೆಗೆದು ಮತ್ತೆ ಜೇಬಿಗೇ ಹಾಕಿದರು. ಇಪ್ಪತ್ತಮೂರು ಹಾಳೆಯಲ್ಲಿ ಇಲಾಖೆ ಯೋಗ್ಯ ಎನ್ನಬಹುದಾದದ್ದು ಒಂದೂ ಇರಲಿಲ್ಲ. ಸುಳ್ಳು ಎನ್ನಬಹುದಾದದ್ದೂ ಇರಲಿಲ್ಲ.

ಇಂಥ ಹೊತ್ತಿಗೆ ಸರಿಯಾಗಿ ಮೂಗು ತೂರಿಸುವವರು ಹುಟ್ಟಿಕೊಳ್ಳುತ್ತಾರೆ. ಹೊಲಿಗೆಯ ಟೀಚರಮ್ಮ ಕೊರಳಲ್ಲಿ ಅಳತೆಯ ಟೇಪು ಇಳಿಬಿಟ್ಟುಕೊಂಡು, ಸೂಜಿ ಕೇಳುವ ನೆವದಲ್ಲಿ ಬಂದವರು ಹಾಳೆಗಳನ್ನೆಲ್ಲ ಓದಿ ಎದೆಯ ಮೇಲೆ ಕೈಯಿಟ್ಟುಕೊಂಡರು.

"ಅಯ್ಯೋ ನಿಮ್ಮ ಮನೆ ಕಾಯ್ವಾಗ! ನಿಜ ಬರೀರಿ ಅಂತ ಹೇಳಿದ್ರಾ? ಬುದ್ಧಿ ಇದೆಯಾ ನಿಮಗೆ? ನಮ್ಮಲ್ಲಿ ಹೋದ ವರ್ಷ ಸಮೀಕ್ಷೆ ಆದಾಗ ಎಲ್ಲರ ಕೈಲೂ ‘ನನ್ನ ಸ್ವಂತ ಆಸಕ್ತಿ’ ಅಂತ ಬರೆಸಿದೆ. ಅಳಿಸಿ, ಮೊದಲು ಅಳಿಸಿ!"

ಅಳಿಸುವುದೇನೋ ಸರಿ. ಇಡೀ ವಿಭಾಗಕ್ಕೆ ಇದ್ದದ್ದು ಒಂದೇ ರಬ್ಬರು, ಕಡಲೆಬೀಜದಷ್ಟು. ಜಿಡ್ಡು ಕೂತ ಹಾಳೆಯ ಮೇಲೆ ಉಜ್ಜಿದರೆ ಅಕ್ಷರ ಹೋಗುವ ಬದಲು ಅದರ ಸುತ್ತ ಕಪ್ಪು ಮೋಡ ಕಟ್ಟಿತು. ಉದ್ದಣ್ಣನ ಹಾಳೆಯಲ್ಲಿ ‘ನೆರಳು’ ನಿಜವಾಗಿಯೂ ನೆರಳಾಯಿತು.

"ಬಿಡಿ, ಉಜ್ಜಬೇಡಿ, ಹರಿಯತ್ತೆ," ಎಂದರು ಟೀಚರಮ್ಮ. "ಮೇಲೆ ದಪ್ಪ ಇಂಕಲ್ಲಿ ಬರೆಸಿ. ನಾವು ತೇಪೆ ಹಾಕೋದೂ ಹಾಗೇ. ಕೆಳಗೇನಿದೆ ಅಂತ ಯಾರು ನೋಡ್ತಾರೆ?"

ಡಬ್ಬಗಳ ಮೇಲೆ ಹೆಸರು ಬರೆಯುವ ಒಂದು ಮಾರ್ಕರ್ ಸಿಕ್ಕಿತು. ಮಕ್ಕಳು ಸಾಲಾಗಿ ನಿಂತು, ಒಬ್ಬರಾದ ಮೇಲೊಬ್ಬರು, ತಮ್ಮ ತಮ್ಮ ಕಾರಣದ ಮೇಲೆ ‘ನನ್ನ ಸ್ವಂತ ಆಸಕ್ತಿ’ ಎಂದು ಬರೆದರು. ಮೌನಿಯ ಸರದಿ ಬಂದಾಗ ಅವನು ಮಾರ್ಕರ್ ಹಿಡಿದು ಹಾಗೇ ನಿಂತ.

"ಸಾರ್, ನಂದೂನಾ?"

ಮೇಷ್ಟ್ರು ಅವನ ಹಾಳೆಯನ್ನು ಬೆಂಚಿನ ಮೇಲೆ ನೇರ ಮಾಡಿದರು. "ಅಳಿಸ್ತಾ ಇಲ್ವಲ್ಲಪ್ಪ. ಮೇಲೆ ಬರೀತೀವಿ ಅಷ್ಟೇ. ಕೆಳಗೆ ಅದು ಇದ್ದೇ ಇರತ್ತೆ."

ಅವನು ಬರೆದ. ಅಷ್ಟು ನೆಟ್ಟಗಿನ ಅಕ್ಷರ ಅಂದು ಮೊದಲ ಬಾರಿ ಸೊಟ್ಟಗೆ ಬಂತು.

ಒಂದೂವರೆಗೆ ಎಲ್ಲ ಮುಗಿದು ಮೇಷ್ಟ್ರು ಬೆವರು ಒರೆಸಿಕೊಳ್ಳುವಷ್ಟರಲ್ಲಿ ಕರೆಂಟ್ ಮೇಷ್ಟ್ರು ಬಂದರು. ವಿದ್ಯುತ್ ವಿಭಾಗದವರು, ಕಾಯಂ ನೌಕರರು. ಅವರ ತರಗತಿಯಲ್ಲಿದ್ದವರು ನಾಲ್ಕೇ ಮಕ್ಕಳು, ಆದರೆ ಅವರ ಕುರ್ಚಿಯನ್ನು ಭೂಕಂಪವೂ ಅಲುಗಿಸುವಂತಿರಲಿಲ್ಲ. ಹೀಗೆ ಕೂತವರಿಗೆ ಊರಿನ ಸುದ್ದಿಯೆಲ್ಲ ತಾನಾಗಿ ಹರಿದು ಬರುತ್ತದೆ.

"ಎಲ್ಲಾ ‘ಸ್ವಂತ ಆಸಕ್ತಿ’ನಾ? ಕೆಟ್ರಿ ನೀವು," ಎಂದರು ಹಲ್ಲು ಕಿರಿದು. "ಪಕ್ಕದ ಶಾಲೇಲಿ ನಿನ್ನೆ ಇದೇ ಸಾಹೇಬ್ರು ಬಂದಿದ್ರು. ಅಲ್ಲೂ ಎಲ್ಲರದೂ ಇದೇ ಉತ್ತರ. ‘ನಕಲು’ ಅಂತ ಒಂದೇ ಪದ ಬರೆದು ಬೀಗ ಜಡಿಸಿದ್ರು. ಅಲ್ಲಿನ ಮೇಷ್ಟ್ರು ಇವತ್ತು ಬೆಳಿಗ್ಗೆ ಟೀ ಅಂಗಡೀಲಿ ನನ್ನ ಪಕ್ಕ ಕೂತಿದ್ರು. ಟೀ ಕುಡಿಯೋಕಲ್ಲ, ಲೋಟ ತೊಳೆಯೋ ಕೆಲಸ ಇದೆಯಾ ಅಂತ ಕೇಳೋಕೆ."

ಟೀಚರಮ್ಮ ಮೆಲ್ಲಗೆ ಟೇಪು ಸುತ್ತಿಕೊಂಡರು. "ನನ್ನ ತರಗತಿ ಕಾಯ್ತಿದೆ," ಎಂದು ಹೊರಟೇ ಹೋದರು.

"ಈಗೇನ್ ಮಾಡ್ಲಿ ಹೇಳಿ," ಎಂದರು ಪಾನಾ ಮೇಷ್ಟ್ರು.

"ಇಪ್ಪತ್ಮೂರು ಥರ ಬರೆಸಿ. ಒಬ್ಬ ದೇಶ ಅನ್ನಲಿ, ಒಬ್ಬ ಉದ್ಯೋಗ ಅನ್ನಲಿ, ಒಬ್ಬ ತಂತ್ರಜ್ಞಾನ ಅನ್ನಲಿ. ಆದ್ರೆ ಈ ಇಂಕು ಹೋಗಬೇಕು. ಗೋಡೆ ಮೇಲೆ ಘೋಷಣೆ ಬರೆದ ಹಾಗಿದೆ. ಹೇಗೆ ಹೋಗತ್ತೋ, ಅದು ನಿಮ್ಮ ಪಾಡು."

ಇಂಕು ಹೋಗಬೇಕು ಎಂದ ಕೂಡಲೇ ಮೇಷ್ಟ್ರ ಮುಖ ಅರಳಿತು. ದಿನವಿಡೀ ಇನ್ನೊಬ್ಬರ ಬುದ್ಧಿವಾದ ಕೇಳಿದವರಿಗೆ ಕೊನೆಗೂ ತಮ್ಮ ಕಸುಬಿನ ಮಾತು ಸಿಕ್ಕಿತ್ತು.

"ಥಿನ್ನರ್! ಬಣ್ಣ ತೆಗೆಯೋ ಥಿನ್ನರ್ ಇದೆ ನಮ್ಮ ಹತ್ರ. ಮಾರ್ಕರ್ ಏನು, ನಿಮ್ಮ ಮುಖದ ಪೌಡರ್ ಕೂಡ ಬಿಡಲ್ಲ!"

ಬಟ್ಟೆಯ ಒಂದು ಮೂಲೆಯನ್ನು ಅದರಲ್ಲಿ ಅದ್ದಿ ಮಾರ್ಕರಿನ ಮೇಲೆ ಒತ್ತಿ ನೋಡಿದರು. ಇಂಕು ಹೊಗೆಯಂತೆ ಹೋಯಿತು. ಮಕ್ಕಳು ಚಪ್ಪಾಳೆ ತಟ್ಟಿದರು. ಇಲ್ಲಿಯವರೆಗೂ ಎಲ್ಲ ಸರಿಯಾಗಿಯೇ ಇತ್ತು. ಆದರೆ ವರ್ಕ್‌ಶಾಪಿನಲ್ಲಿ ಯಾವುದನ್ನೂ ಒಂದೊಂದಾಗಿ ಒರೆಸುವ ರೂಢಿಯಿಲ್ಲ. ಬೇರಿಂಗಾಗಲಿ, ಕಾರ್ಬ್ಯುರೇಟರಾಗಲಿ, ಎಲ್ಲವನ್ನೂ ಅಗಲವಾದ ಟ್ರೇಯಲ್ಲಿ ಮುಳುಗಿಸಿ, ಅಲುಗಿಸಿ, ಕೊಡವಿ, ತಂತಿಗೆ ನೇತುಹಾಕುವುದೇ ಕ್ರಮ. ಹನ್ನೊಂದು ವರ್ಷ ಮೇಷ್ಟ್ರು ಕಲಿಸಿದ್ದು ಅದನ್ನೇ. ಮಕ್ಕಳು ಎಷ್ಟು ಚೆನ್ನಾಗಿ ಕಲಿತಿದ್ದರೆಂದರೆ, ಅವರು ‘ನಿಲ್ಲಿ’ ಎನ್ನುವ ಮೊದಲೇ ಇಪ್ಪತ್ತಮೂರು ನಮೂನೆಗಳೂ ಟ್ರೇಗೆ ಇಳಿದು, ಅಲುಗಿ, ಕೊಡವಿಸಿಕೊಂಡು, ಕ್ಲಿಪ್ಪುಗಳ ಸಮೇತ ತಂತಿಯ ಮೇಲೆ ತೂಗುತ್ತಿದ್ದವು.

ಮಾರ್ಕರು ಹೋಗಿತ್ತು. ಅದರ ಜೊತೆಗೆ ಇಲಾಖೆಯೂ ಹೋಗಿತ್ತು. ಅಚ್ಚಾಗಿದ್ದ ಪ್ರಶ್ನೆ, ಸೂಚನೆಗಳು, ಕಾಲಮ್ಮುಗಳು, ಕ್ರಮಸಂಖ್ಯೆ, ದುಂಡನೆಯ ಮೊಹರು, ಎಲ್ಲವೂ ಕರಗಿ ಟ್ರೇಯ ತಳದಲ್ಲಿ ಬೂದು ರಾಡಿಯಾಗಿ ಕೂತಿತ್ತು. ಪೆನ್ಸಿಲ್ಲಿಗೆ ಮಾತ್ರ ಥಿನ್ನರ್ ಏನೂ ಮಾಡದು. ಜಿಡ್ಡು ತೊಳೆದುಹೋದ ಬಿಳಿ ಹಾಳೆಗಳ ಮೇಲೆ ಇಪ್ಪತ್ತಮೂರು ಕಾರಣಗಳು, ಬರೆದಾಗಲೂ ಇಲ್ಲದಷ್ಟು ಸ್ಪಷ್ಟವಾಗಿ, ಕರ್ರಗೆ ನಿಂತಿದ್ದವು.

"ಸಾರ್," ಎಂದಳು ಗುಬ್ಬಿ, ಮೂಗು ಮುಚ್ಚಿಕೊಂಡು, "ಪ್ರಶ್ನೆ ಹೋಯ್ತು, ಉತ್ತರ ಉಳೀತು."

ಕರೆಂಟ್ ಮೇಷ್ಟ್ರು ಬಾಗಿಲ ಕಡೆ ನೋಡಿದವರು ತಟ್ಟನೆ ಶರ್ಟಿನ ಗುಂಡಿ ಹಾಕಿಕೊಂಡು ಗೋಡೆಗೆ ಒತ್ತಿ ನಿಂತರು. ಸಾಹೇಬರು ಅರ್ಧ ಗಂಟೆ ಮೊದಲೇ ಬಂದುಬಿಟ್ಟಿದ್ದರು. ಹಿಂದೆ ಬಿಳಿ ಬೂಟಿನ ಪ್ರಿನ್ಸಿಪಾಲರು.

ಸಾಹೇಬರು ಗದರುವ ಜಾತಿಯವರಲ್ಲ. ಮೃದು ದನಿ, ಸಣ್ಣ ನೋಟ್‌ಬುಕ್ಕು, ಆಸ್ಪತ್ರೆಗೆ ನೋಡಲು ಬಂದ ದೂರದ ನೆಂಟರಂಥ ಮುಖ. ಒಣಹಾಕಿದ ಒಳಬಟ್ಟೆಗಳಂತೆ ತೂಗುತ್ತಿದ್ದ ಹಾಳೆಗಳನ್ನು ಕಂಡು ನಿಂತರು.

"ಇವೇನು?"

"ನ-ನಮೂನೆಗಳು ಸಾರ್," ಎಂದರು ಪಾನಾ ಮೇಷ್ಟ್ರು.

"ಇಲಾಖೆಯ ಮೊಹರು?"

"ಥಿನ್ನರಿನಲ್ಲಿ ತೊಳೆದುಹೋಯ್ತು ಸಾರ್."

ಪ್ರಿನ್ಸಿಪಾಲರು ಕಣ್ಣು ಮುಚ್ಚಿಕೊಂಡರು. ಸಾಹೇಬರು ಮಾತ್ರ ಏನೂ ಅನ್ನದೆ ಕೈ ಹಿಂದೆ ಕಟ್ಟಿಕೊಂಡು ತಂತಿಯ ಉದ್ದಕ್ಕೂ ನಡೆಯುತ್ತಾ ಒಂದೊಂದನ್ನೇ ಓದತೊಡಗಿದರು. ಓದಿದಂತೆಲ್ಲ ನೋಟ್‌ಬುಕ್ಕಿನಲ್ಲಿ ಒಂದೊಂದು ಗೀಟು. ನೆರಳಿನ ಒಂಬತ್ತು ದಾಟಿದರು. ಮೇಲಂಗಿ ದಾಟಿದರು. ಸೋಪಿನ ಹತ್ತಿರ ತುಸು ನಿಂತರು. ಕೊನೆಗೆ ಮೌನಿಯ ಹಾಳೆಗೆ ಬಂದರು. ಬಹಳ ಹೊತ್ತು ಓದಿದರು. ಕನ್ನಡಕ ತೆಗೆದರು, ಕರ್ಚೀಫಿನಿಂದ ಒರೆಸಿದರು, ಮತ್ತೆ ಹಾಕಿಕೊಂಡರು. ಮನುಷ್ಯ ಒಳ್ಳೆಯವನು ಅಂದುಕೊಂಡರು ಪಾನಾ ಮೇಷ್ಟ್ರು.

ಸಾಹೇಬರು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾ ತಮಗೆ ತಾವೇ ಹೇಳಿಕೊಂಡರು: "ಕುಟುಂಬದ ಪ್ರಭಾವ... ಮೂರು."

ಆಮೇಲೆ ತಿರುಗಿ ನಿಂತು ನಿಟ್ಟುಸಿರು ಬಿಟ್ಟರು. "ಹದಿನೇಳು ಶಾಲೆ ನೋಡಿದೆ ಮೇಷ್ಟ್ರೇ. ಎಲ್ಲಾ ಕಡೆ ‘ಸ್ವಂತ ಆಸಕ್ತಿ, ಸ್ವಂತ ಆಸಕ್ತಿ’. ಓದಿ ಓದಿ ಬೇಜಾರಾಗಿತ್ತು. ಇಷ್ಟು ಪ್ರಾಮಾಣಿಕ ಉತ್ತರ ಇದೇ ಮೊದಲ ಸಲ. ಯಾರು ಹೇಳಿಕೊಟ್ರು ಇವರಿಗೆ ಹೀಗೆ ಬರೆಯೋಕೆ?"

"ಇವರೇ ಸಾರ್!" ಮಕ್ಕಳೆಲ್ಲ ಒಂದೇ ಕೊರಳಲ್ಲಿ ಕೂಗಿದರು. ಕರೆಂಟ್ ಮೇಷ್ಟ್ರು ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದರು, ತಾವೂ ಇದ್ದೇವೆ ಎನ್ನುವ ಹಾಗೆ.

"ಯೋಗ್ಯ ಕಾರಣ ಅಂದ್ರೆ ಏನು ಅಂತ ಎಲ್ಲರೂ ಕೇಳ್ತಾರೆ," ಎಂದರು ಸಾಹೇಬರು. "ಇಲಾಖೆ ಒದಗಿಸೋಕೆ ಸಾಧ್ಯ ಇರೋ ಕಾರಣ. ಅಷ್ಟೇ. ನೆರಳು ಒಂಬತ್ತು, ಬಟ್ಟೆ ಐದು, ಸೋಪು ಎರಡು. ಒಟ್ಟು ಹದಿನಾರು. ಅರ್ಧಕ್ಕಿಂತ ಜಾಸ್ತಿ. ವಿಭಾಗ ಉಳೀತು."

ವರ್ಕ್‌ಶಾಪು ಕಿತ್ತುಹೋಗುವಂತೆ ಕೂಗು ಎದ್ದಿತು. ಉದ್ದಣ್ಣ ಟಿನ್ನು ಬಡಿದ. ಪಾನಾ ಮೇಷ್ಟ್ರು ಕರೆಂಟ್ ಮೇಷ್ಟ್ರ ಕೈ ಹಿಡಿದು ಕುಲುಕಿದರು. ಹೆಂಡತಿಗೆ ಹೇಗೆ ಹೇಳಬೇಕು ಎಂದು ಆಗಲೇ ಮನಸ್ಸಿನಲ್ಲಿ ಮಾತು ಜೋಡಿಸತೊಡಗಿದ್ದರು. ನಿಜವೇ ಉಳಿಸಿತು ಕಣೇ, ನಿಜವೇ ಉಳಿಸಿತು.

"ಆದ್ರೆ," ಎಂದರು ಸಾಹೇಬರು, ಅದೇ ಮೃದು ದನಿಯಲ್ಲಿ, "ಇಪ್ಪತ್ಮೂರರಲ್ಲಿ ಒಬ್ಬರೂ ಮೇಷ್ಟ್ರ ಹೆಸರು ಬರೆದಿಲ್ಲ."

ಉದ್ದಣ್ಣ ಟಿನ್ನು ಕೆಳಗಿಟ್ಟ.

"ಎಂಜಿನ್ನಿನ ಹೆಸರಿಲ್ಲ, ಪಾಠದ ಹೆಸರಿಲ್ಲ, ಮೇಷ್ಟ್ರ ಹೆಸರಂತೂ ಇಲ್ಲವೇ ಇಲ್ಲ. ಮಕ್ಕಳನ್ನ ಸೆಳೆಯದೇ ಇರೋ ಅಂಶ ಅಂದ್ರೆ ಅನಗತ್ಯ ಅಂಶ. ನಿಯಮ ಹಾಗಿದೆ. ಬಾಗಿಲ ಮುಂದಿನ ಮಾಡನ್ನ ಇನ್ನೂ ಹತ್ತಡಿ ಮುಂದಕ್ಕೆ ತರೋಣ. ಸೋಪು ವಾರಕ್ಕೆ ಎರಡು ಮಾಡೋಣ. ಈ ಹುದ್ದೆ ತೆಗೆಯೋಣ."

"ಮತ್ತೆ ಕಲಿಸೋರು ಯಾರು ಸಾರ್?" ಕೇಳಿದರು ಪಾನಾ ಮೇಷ್ಟ್ರು.

"ಕಲಿಯೋಕೆ ಬಂದಿದ್ದೀನಿ ಅಂತ ಯಾರು ಬರೆದಿದ್ದಾರೆ, ಹೇಳಿ?"

ಹಿಂದಿನ ಸಾಲಿನಲ್ಲಿ ಒಂದು ಕೈ ಎದ್ದಿತು. ಮೌನಿ. ವರ್ಷದಲ್ಲಿ ಅವನು ತಾನಾಗಿ ಕೈಯೆತ್ತಿದ್ದು ಅದೇ ಮೊದಲು.

"ನಾನು ಬರೆದಿದ್ದೀನಿ ಸಾರ್."

ಸಾಹೇಬರು ನೋಟ್‌ಬುಕ್ಕು ತಿರುವಿ ನೋಡಿದರು. ನಿಜವಾಗಿಯೂ ಬೇಸರಗೊಂಡವರಂತೆ ತಲೆಯಾಡಿಸಿದರು. "ನಿನ್ನದು ಆಗಲೇ ಕುಟುಂಬದ ಕಾಲಮ್ಮಿಗೆ ಹೋಗಿದೆಯಪ್ಪ."

ಗುಬ್ಬಿಗೆ ತಡೆಯಲಾಗಲಿಲ್ಲ. ಬೆಂಚಿನ ಮೇಲೆ ಹತ್ತಿಯೇ ನಿಂತಳು. "ಸಾರ್, ಅದು ಸೇರೋಕೆ ಕಾರಣ! ನೀವು ಕೇಳಿದ್ದು ಅಷ್ಟೇ. ಸೇರಿದ ಮೇಲೆ ಯಾಕೆ ಉಳಿದ್ರಿ ಅಂತ ಯಾರು ಕೇಳಿದ್ರು? ಮಾವ ಮೂರು ಸಲ ಎಳ್ಕೊಂಡು ಹೋಗೋಕೆ ಬಂದಿದ್ದ. ಈ ಮೇಷ್ಟ್ರು ಗೇಟಲ್ಲಿ ಪಾನಾ ಹಿಡ್ಕೊಂಡು ನಿಂತಿದ್ರು. ಈ ಮೌನಿಗೆ ಮೊದಲ ತಿಂಗಳು ಜಾಕ್ ಕಂಡ್ರೆ ವಾಂತಿ ಬರ್ತಿತ್ತು. ದಿನಾ ಮೇಷ್ಟ್ರು ತಾವೇ ಕಾರಿನ ಕೆಳಗೆ ಮಲಗಿ, ‘ಎತ್ತು ಮಗಾ, ನಿನ್ನ ಮೇಲೆ ನನಗೆ ನಂಬಿಕೆ ಇದೆ’ ಅಂತಿದ್ರು. ಅದನ್ನ ಕೇಳಿ ಸಾರ್! ಹಾಳೆ ಕೊಡಿ, ಇಪ್ಪತ್ಮೂರು ಜನಾನೂ ಈಗ್ಲೇ ಬರೀತೀವಿ."

ಮೌನಿ ಆಗಲೇ ತಂತಿಯಿಂದ ತನ್ನ ಹಾಳೆ ಬಿಡಿಸಿಕೊಂಡು, ಹಿಂಬದಿಗೆ ತಿರುಗಿಸಿ, ನೆಟ್ಟಗಿನ ಅಕ್ಷರದಲ್ಲಿ ಬರೆಯಲು ಶುರುಮಾಡಿದ್ದ.

"ಹಿಂಬದಿ ಲೆಕ್ಕಕ್ಕೆ ಬರಲ್ಲ," ಎಂದರು ಸಾಹೇಬರು, ಮಗುವಿಗೆ ಹೇಳುವಷ್ಟು ಮೆಲ್ಲಗೆ. "ಉಳಿಯೋ ಕಾರಣದ ಸಮೀಕ್ಷೆ ಇಲಾಖೇಲಿ ಇಲ್ಲಮ್ಮ. ಬಂದವರ ಸಂಖ್ಯೆ ಮೇಲಿನವರು ಕೇಳ್ತಾರೆ. ಉಳಿದವರ ವಿಷಯ ಯಾರೂ ಕೇಳಲ್ಲ." ಆಮೇಲೆ ಪ್ರಿನ್ಸಿಪಾಲರ ಕಡೆ ನೋಡಿದರು. "ನಿರ್ಗಮನ ನಮೂನೆ ಇದೆಯಲ್ಲ?"

ಪ್ರಿನ್ಸಿಪಾಲರ ಜೇಬಿನಲ್ಲಿ ಅದು ಮಡಚಿ ಸಿದ್ಧವಾಗಿಯೇ ಇತ್ತು. ಬೆಳಿಗ್ಗೆಯಿಂದಲೂ ಇತ್ತೋ ಏನೋ. ಬಿಳಿ ಬೂಟು ಕೊನೆಗೂ ಎಣ್ಣೆ ನೆಲದ ಮೇಲೆ ನಾಲ್ಕು ಹೆಜ್ಜೆ ಇಟ್ಟಿತು. ಹಾಳೆಯನ್ನು ಬೆಂಚಿನ ಮೇಲೆ ಹರಡಿ, ತಮ್ಮ ಪೆನ್ನಿನ ಮುಚ್ಚಳ ತೆಗೆದು, ಪಾನಾ ಮೇಷ್ಟ್ರ ಕೈಗೆ ಕೊಟ್ಟರು.

ಅಚ್ಚುಕಟ್ಟಾದ ಮುದ್ರಣ. ಮೇಲೆ ಮೊಹರು. ‘ತಾವು ಈ ಸಂಸ್ಥೆಯನ್ನು ಬಿಡಲು ಕಾರಣವೇನು? ಒಂದಕ್ಕೆ ಮಾತ್ರ ಗುರುತು ಹಾಕಿ.’ ಕೆಳಗೆ ಮೂರೇ ಚೌಕ. ಉತ್ತಮ ಅವಕಾಶ. ಆರೋಗ್ಯ. ಸ್ವಂತ ಇಚ್ಛೆ.

ಮೇಷ್ಟ್ರು ನಾಲ್ಕನೆಯ ಚೌಕವನ್ನು ಹುಡುಕಿದರು. ಹಾಳೆ ತಿರುಗಿಸಿ ನೋಡಿದರು. ಹಿಂಬದಿ ಖಾಲಿಯಿತ್ತು.

"ಅವಕಾಶ ಅಂತ ಹಾಕಿದ್ರೆ ಎಲ್ಲಿ ಅಂತ ಕೇಳ್ತಾರೆ," ಕರೆಂಟ್ ಮೇಷ್ಟ್ರು ಕಿವಿಯ ಹತ್ತಿರ ಪಿಸುಗುಟ್ಟಿದರು. "ಆರೋಗ್ಯ ಅಂದ್ರೆ ಸರ್ಟಿಫಿಕೇಟು ಕೇಳ್ತಾರೆ, ಆಮೇಲೆ ಯಾವ ಗ್ಯಾರೇಜೂ ಸೇರಿಸ್ಕೊಳ್ಳಲ್ಲ. ಮೂರನೇದೇ ವಾಸಿ. ಅದಕ್ಕೆ ಯಾರೂ ಏನೂ ಕೇಳಲ್ಲ."

ಇಪ್ಪತ್ತಮೂರು ಜೊತೆ ಕಣ್ಣುಗಳು ಅವರ ಕೈಯನ್ನೇ ನೋಡುತ್ತಿದ್ದವು. ಯಾರ ಮುಖವನ್ನೂ ನೋಡುವ ಧೈರ್ಯ ಅವರಿಗಾಗಲಿಲ್ಲ. ಬೆರಳ ಜಿಡ್ಡು ತಾಗದಂತೆ ಹಾಳೆಯ ಅಂಚನ್ನು ಮೊಣಕೈಯಿಂದ ಒತ್ತಿ ಹಿಡಿದು, ಮೂರನೆಯ ಚೌಕದಲ್ಲಿ ಗುರುತು ಹಾಕಿ ಸಹಿ ಮಾಡಿದರು.

ಸಾಹೇಬರು ಇಂಕು ಒಣಗಲೆಂದು ಅದರ ಮೇಲೆ ಮೆಲ್ಲಗೆ ಉಸಿರೂದಿದರು. ಓದಿ ನೋಡಿದರು. ಮೆಚ್ಚಿಕೊಂಡು ತಲೆಯಾಡಿಸಿದರು.

"ಎಲ್ಲೂ ಹೊಡೆದು ಹಾಕದೆ ಎಷ್ಟು ಸರಿಯಾಗಿ ತುಂಬಿದ್ರಿ ಮೇಷ್ಟ್ರೇ," ಎಂದರು. "ಇದನ್ನೇ ಮಕ್ಕಳಿಗೆ ಮೊದಲೇ ಕಲಿಸಿಬಿಟ್ಟಿದ್ರೆ ನೋಡಿ, ಇಷ್ಟೊಂದು ಥಿನ್ನರಾದ್ರೂ ಉಳೀತಿತ್ತು."